ಹಿರಿಯರು ಪರರ ಕಣ್ಣಿಗೆ ಹೇಗೆ ಕಾಣಬಯಸುತ್ತಾರೆ?

ನಮ್ಮ ಉಚಿತ ವಾಚನಾಲಯಕ್ಕೆ ಸಾಯಂಕಾಲ ಬರುವ ವಾಚಕರಲ್ಲಿ ಹೆಚ್ಚಿನವರು 60 ವರ್ಷ ದಾಟಿದವರು. ಗಿರಣಿಯ ಗುಮಾಸ್ತಿಕೆ ಮುಗಿಸಿಕೊಂಡು ಬಂದು, ಪತ್ರಿಕೆಗಳನ್ನು ಜೋಡಿಸುವುದು, ಪುಸ್ತಕಗಳ ದಾಖಲೆ ಬರೆಯುವುದು ಮುಂತಾದ ಚಿಕ್ಕಪುಟ್ಟ ಸೇವೆ ಮಾಡುವ ನನ್ನಂಥವನಿಗೆ ಅವರ ನಡೆನುಡಿಗಳನ್ನು ಹತ್ತಿರದಿಂದ ನೋಡುವ ಅವಕಾಶ ತಾನಾಗಿ ಒದಗುತ್ತದೆ. ವಯಸ್ಸಾದವರು ಹುಡುಗರಂತೆ ಕಾಣಬಯಸುತ್ತಾರೆಂದು ಹೇಳಿ ನಗುವ ವಾಡಿಕೆ ನಮ್ಮಲ್ಲಿದೆ. ನಾನು ಕಂಡಮಟ್ಟಿಗೆ ಆ ಆಸೆ ಇರುವವರು ನೂರರಲ್ಲಿ ನಾಲ್ಕೈದು ಮಂದಿ ಇದ್ದಾರು. ಉಳಿದವರಿಗೆ ಬೇಕಾಗಿರುವುದು ಬಹಳ ಸ್ವಲ್ಪ. ‘ಇವರಿಂದ ಇನ್ನೇನೂ ಆಗದು’ ಎಂಬ ಭಾವ ಎದುರಿನವರ ಮುಖದ ಮೇಲೆ ಮೂಡಬಾರದು, ಅಷ್ಟೆ. ಆದರೆ ಈ ಸ್ವಲ್ಪಕ್ಕಾಗಿ ಅವರು ತೆರುವ ಬೆಲೆ ಕೆಲವೊಮ್ಮೆ ಕೈಕಾಲು ಮುರಿದುಕೊಳ್ಳುವ ತನಕ ಹೋಗುತ್ತದೆ. ಆದುದರಿಂದಲೇ ಈ ವಿಷಯವನ್ನು ನಾಲ್ಕು ಜನ ಓದುವ ಈ ಪತ್ರದಲ್ಲಿ ಬರೆಯಬೇಕೆನ್ನಿಸಿತು.

ಮುಂಬಯಿಯಲ್ಲಿ ಒಬ್ಬನಿಗೆ ವಯಸ್ಸಾಯಿತೆಂದು ಮೊದಲು ಸಾರುವುದು ಕನ್ನಡಿಯಲ್ಲ, ಪರರ ಬಾಯಿ. ನಿನ್ನೆಯವರೆಗೆ ‘ಭಾಯಿಸಾಬ್’ ಎನ್ನುತ್ತಿದ್ದ ತರಕಾರಿಯವನು ಒಂದು ದಿನ ‘ಅಂಕಲ್’ ಎನ್ನುತ್ತಾನೆ. ಮತ್ತೆ ಕೆಲವು ವರ್ಷಗಳಿಗೆ ‘ಕಾಕಾ’. ಆಮೇಲೆ ಒಂದು ದಿನ ರಿಕ್ಷಾದವನು ‘ಆಜೋಬಾ, ಸಾವಕಾಶ್’ ಎಂದುಬಿಡುತ್ತಾನೆ. ನಮ್ಮ ಭಾಷೆಯಲ್ಲಿಯೂ ಈ ಮೆಟ್ಟಲುಗಳು ಇವೆ. ದಕ್ಷಿಣ ಕನ್ನಡದವರಲ್ಲಿ ಬಹುಕಾಲ ‘ಮಾಮ’ ಎಂದೇ ಸಾಗುತ್ತದೆ. ಧಾರವಾಡ, ವಿಜಾಪುರದ ಕಡೆಯವರಲ್ಲಿ ‘ಕಾಕಾ’ ಹೋಗಿ ‘ಅಜ್ಜಾರ’ ಬರುತ್ತದೆ. ಮೊಮ್ಮಗನು ‘ಅಜ್ಜ’ ಎಂದರೆ ಎತ್ತಿಕೊಳ್ಳುವ ಹಿರಿಯರೇ ಅಪರಿಚಿತನು ಹಾಗೆ ಕರೆದರೆ ಆ ದಿನವಿಡೀ ಸಪ್ಪಗಾಗಿರುವುದನ್ನು ನಾನು ಬಲ್ಲೆ. ಕರೆದವನ ತಪ್ಪೇನೂ ಇಲ್ಲ. ಅವನು ಮರ್ಯಾದೆಯಿಂದಲೇ ಕರೆದಿದ್ದಾನೆ. ಆದರೆ ಆ ಒಂದು ಮಾತಿನಿಂದ ಇವರು ಬ್ಯಾಂಕಿನವರು, ಹೋಟೆಲಿನವರು, ಮಾಸ್ತರರು ಎಂಬ ಗುರುತೆಲ್ಲ ಅಳಿಸಿಹೋಗಿ ಬರಿಯ ವಯಸ್ಸು ಉಳಿಯುತ್ತದೆ.

ಲೋಕಲ್ ಗಾಡಿಯಲ್ಲಿ ಇದನ್ನು ದಿನವೂ ನೋಡಬಹುದು. ಎರಡನೆಯ ದರ್ಜೆಯ ಡಬ್ಬಿಗಳಲ್ಲಿ ಹಿರಿಯ ನಾಗರಿಕರಿಗೆಂದು ಕೆಲವು ಆಸನಗಳನ್ನು ಮೀಸಲಿರಿಸಿದ್ದಾರೆ. ಅಲ್ಲಿ ಜಾಗವಿದ್ದರೂ ಬಾಗಿಲ ಬಳಿ ಕಂಬ ಹಿಡಿದು ನಿಂತ ಹಿರಿಯರು ಎಷ್ಟೋ ಮಂದಿ. ಒಳ್ಳೆಯ ಮನಸ್ಸಿನ ಹುಡುಗನೊಬ್ಬ ಎದ್ದು, ಡಬ್ಬಿಗೆಲ್ಲ ಕೇಳುವಂತೆ ‘ಅಂಕಲ್, ಆಪ್ ಬೈಠಿಯೇ’ ಎನ್ನುತ್ತಾನೆ. ಎಲ್ಲರ ಕಣ್ಣು ಅವರ ಮೇಲೆ ಬೀಳುತ್ತದೆ. ‘ಬೇಡಪ್ಪ, ಮುಂದಿನ ಸ್ಟೇಶನ್ನಿನಲ್ಲೇ ಇಳಿಯುವವನು’ ಎಂದು ಅವರೆನ್ನುತ್ತಾರೆ. ಕುರ್ಲಾದಲ್ಲಿ ಹೀಗೆ ಹೇಳಿದ್ದಕ್ಕಾಗಿ ಠಾಣೆಯವರೆಗೂ ಬಾಗಿಲ ಮರೆಯಲ್ಲಿ ನಿಂತೇ ಹೋದವರಿದ್ದಾರೆ. ಅದೇ ಹುಡುಗ ಏನೂ ಹೇಳದೆ ಎದ್ದು ಆಚೆ ಸರಿದಿದ್ದರೆ ಅವರು ತಾವಾಗಿ ಕುಳಿತುಕೊಳ್ಳುತ್ತಿದ್ದರು. ಇನ್ನು ವಯಸ್ಸನ್ನು ಮುಚ್ಚಿಡುವವರೇ ಬೇರೆ ಕಡೆ ಅದನ್ನು ಧಾರಾಳವಾಗಿ ಒಪ್ಪಿಕೊಳ್ಳುವುದೂ ಉಂಟು. ರೈಲ್ವೆಯವರು ದೂರದ ಪ್ರಯಾಣಕ್ಕೆ 60 ದಾಟಿದ ಗಂಡಸರಿಗೆ ನೂರಕ್ಕೆ 40, 58 ದಾಟಿದ ಹೆಂಗಸರಿಗೆ ನೂರಕ್ಕೆ 50 ರಿಯಾಯಿತಿ ಕೊಡುತ್ತಿದ್ದ ಕಾಲದಲ್ಲಿ (ಅದು 2020ರ ಮಾರ್ಚಿನಲ್ಲಿ ನಿಂತುಹೋಯಿತು) ಟಿಕೀಟಿನ ಕಿಟಕಿಯಲ್ಲಿ ವಯಸ್ಸು ಬರೆಯಲು ಯಾರೂ ಸಂಕೋಚಪಟ್ಟದ್ದು ಕೇಳಿಲ್ಲ. ಕಾಗದದ ಮೇಲಿನ ವಯಸ್ಸು ಬೇರೆ, ಜನರ ಕಣ್ಣಿನ ವಯಸ್ಸು ಬೇರೆ.

ಈಗ ಕೊಡೆಯ ವಿಷಯ. ಮುಂಬಯಿಯ ಮಳೆಗಾಲ ಜೂನಿನಿಂದ ಸಪ್ಟೆಂಬರಿನವರೆಗೆ. ಆದರೆ ಜನವರಿಯಲ್ಲಿಯೂ ಉದ್ದನೆಯ ಕೊಡೆ ಹಿಡಿದು ಬರುವ ಹಿರಿಯರು ನಮ್ಮ ವಾಚನಾಲಯದಲ್ಲಿದ್ದಾರೆ. ಬಿಸಿಲಿಗೆಂದು ಅವರು ಹೇಳುತ್ತಾರೆ. ಬಿಸಿಲಿನಲ್ಲಿ ಬಿಚ್ಚಿದ್ದನ್ನು ಮಾತ್ರ ನಾನು ಕಾಣೆ. ಅದು ಊರುಗೋಲು. ಊರುಗೋಲು ಹಿಡಿದರೆ ಮುದುಕ, ಕೊಡೆ ಹಿಡಿದರೆ ಗೃಹಸ್ಥ. ನಮ್ಮ ಹಿರಿಯ ತಲೆಮಾರಿಗೆ ಕೋಟು ಮತ್ತು ಕೊಡೆ ಎಂದರೆ ಗೌರವದ ಗುರುತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ನೆನೆಸಿಕೊಂಡರೆ ಕೈಯಲ್ಲಿ ಕೊಡೆಯೂ ನೆನಪಾಗುತ್ತದಲ್ಲವೆ? ಆದುದರಿಂದ ಈ ಉಪಾಯವನ್ನು ಕಂಡು ನಗಬೇಕಾದ್ದಿಲ್ಲ. ಕಷ್ಟವೆಂದರೆ, ಕೊಡೆಯನ್ನು ಮನುಷ್ಯನ ಭಾರ ಹೊರುವುದಕ್ಕೆಂದು ಮಾಡಿರುವುದಿಲ್ಲ. ಅದರ ತುದಿ ಲೋಹದ್ದು, ಇಲ್ಲವೆ ಗಟ್ಟಿ ಪ್ಲಾಸ್ಟಿಕಿನದು. ಒದ್ದೆಯಾದ ಸ್ಟೇಶನ್ನಿನ ಹಾಸುಗಲ್ಲಿನ ಮೇಲೆ ಅದು ಜಾರುತ್ತದೆ. ಅದರ ಎತ್ತರ ಕೊಂಡವನ ಎತ್ತರಕ್ಕೆ ಹೊಂದಬೇಕೆಂಬ ನಿಯಮವಿಲ್ಲ. ಭಾರ ಜೋರಾಗಿ ಬಿದ್ದರೆ ಕಾವು ಬಾಗುತ್ತದೆ.

ಊರುಗೋಲಿಗೆ ಅಳತೆಯಿದೆ. ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು ಕೈಯನ್ನು ಸಡಿಲವಾಗಿ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುವುದೋ ಅಲ್ಲಿಗೆ ಕೋಲಿನ ಹಿಡಿ ಬರಬೇಕು. ಆಗ ಹಿಡಿದುಕೊಂಡರೆ ಮೊಣಕೈ ಸ್ವಲ್ಪವೇ ಬಾಗಿರುತ್ತದೆ. ತುದಿಗೆ ರಬ್ಬರಿನ ಟೊಪ್ಪಿಗೆ ಇರಬೇಕು, ಅದು ಸವೆದೊಡನೆ ಬದಲಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಜನರಿಗೆ ಗೊತ್ತಿಲ್ಲದ ಮಾತೆಂದರೆ, ನೋವಿರುವುದು ಬಲ ಮೊಣಕಾಲಿನಲ್ಲಿ ಆದರೆ ಕೋಲು ಎಡಗೈಯಲ್ಲಿರಬೇಕು. ನಡೆಯುವಾಗ ಬಲಗಾಲು ಮುಂದಿಟ್ಟಂತೆ ಎಡಗೈ ಮುಂದೆ ಬರುವುದು ಸಹಜ. ಕೋಲೂ ಆ ಕಾಲಿನ ಜತೆಯಲ್ಲೇ ನೆಲ ಮುಟ್ಟಿ ಅದರ ಭಾರವನ್ನು ಹಂಚಿಕೊಳ್ಳುತ್ತದೆ. ನೋವಿರುವ ಕಡೆಗೇ ಕೋಲು ಹಿಡಿದರೆ ದೇಹ ಆ ಕಡೆಗೇ ವಾಲುತ್ತದೆ. ಪ್ರಪಂಚದಲ್ಲಿ ಬಿದ್ದು ಪ್ರಾಣ ಕಳೆದುಕೊಳ್ಳುವವರಲ್ಲಿ 60 ದಾಟಿದವರೇ ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೊಂಟದ ಎಲುಬು ಮುರಿದರೆ ಯಾರ ಕಣ್ಣಿಗೆ ಹೇಗೆ ಕಾಣಬೇಕೆಂಬ ಪ್ರಶ್ನೆಯೇ ಉಳಿಯುವುದಿಲ್ಲ. ಹಾಸಿಗೆಯಲ್ಲಿ ಮಲಗಿದವರನ್ನು ನೋಡಲು ಎಲ್ಲರೂ ಬರುತ್ತಾರೆ.

ಕೊಡೆಗಿಂತಲೂ ಗಹನವಾದದ್ದು ಕಿವಿಯ ಸಂಗತಿ. ಕೇಳದಿದ್ದರೂ ಕೇಳಿದಂತೆ ತಲೆಯಾಡಿಸುವ ಹಿರಿಯರು ಎಷ್ಟಿದ್ದಾರೆಂಬುದು ವಾಚನಾಲಯದ ಮೇಜಿನ ಹಿಂದೆ ಕುಳಿತವನಿಗೆ ತಿಳಿಯುತ್ತದೆ. ‘ಆ ಪುಸ್ತಕ ಬೇರೆಯವರ ಹತ್ತಿರ ಇದೆ’ ಎಂದರೆ ‘ಸಂತೋಷ, ಸಂತೋಷ’ ಎಂದು ಹೇಳಿ ಕಾದು ನಿಲ್ಲುತ್ತಾರೆ. ನಮ್ಮ ಸದಸ್ಯರೊಬ್ಬರಿಗೆ ವೈದ್ಯರು ರಕ್ತದೊತ್ತಡದ ಮಾತ್ರೆಯನ್ನು ಅರ್ಧಕ್ಕೆ ಇಳಿಸಲು ಹೇಳಿದ್ದರಂತೆ. ಇವರು ತಲೆಯಾಡಿಸಿ ಬಂದು, ಇಡೀ ಮಾತ್ರೆಯನ್ನೇ ನುಂಗುತ್ತಿದ್ದು, ಎಂಟು ದಿನಗಳ ಮೇಲೆ ಬಚ್ಚಲಮನೆಯಲ್ಲಿ ತಲೆ ತಿರುಗಿ ಬಿದ್ದರು. ‘ಇನ್ನೊಮ್ಮೆ ಹೇಳಿ ಎಂದು ಕೇಳಬಾರದಿತ್ತೆ?’ ಎಂದು ಮಗಳು ಕೇಳಿದ್ದಕ್ಕೆ, ‘ಎರಡು ಸಲ ಕೇಳಿಯಾಗಿತ್ತು, ಮೂರನೆಯ ಸಲ ಹೇಗೆ ಕೇಳುವುದು?’ ಎಂದರು. ಈ ಮಾತನ್ನು ಕೇಳಿದ ಮೇಲೆ ನನಗೆ ನಗು ಬರಲಿಲ್ಲ.

ವಯಸ್ಸಿನ ಕಿವುಡು ಎಂದರೆ ಎಲ್ಲ ಸದ್ದೂ ಸಣ್ಣದಾಗಿ ಕೇಳುವುದೆಂದು ನಾವು ಎಣಿಸುತ್ತೇವೆ. ಹಾಗಲ್ಲ. ಒಳಗಿವಿಯ ಶಂಖದಂಥ ಭಾಗದಲ್ಲಿ ಕೂದಲಿನಂತಿರುವ ಸೂಕ್ಷ್ಮ ಕಣಗಳಿವೆ. ಅವುಗಳಲ್ಲಿ ಎತ್ತರದ ಧ್ವನಿಯನ್ನು ಹಿಡಿಯತಕ್ಕವು ಮೊದಲು ಸವೆಯುತ್ತವೆ. ಸ್ವರಾಕ್ಷರಗಳ ನಾದ ಕೆಳಗಿನದು, ಅದು ಕೇಳಿಸುತ್ತದೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳ ಸದ್ದು ತೆಳ್ಳಗೆ, ಎತ್ತರದಲ್ಲಿ, ಅದು ಜಾರಿಹೋಗುತ್ತದೆ. ಹೀಗಾಗಿ ‘ಹಾಲು’, ‘ಕಾಲು’, ‘ಸಾಲು’, ‘ಪಾಲು’ ಎಲ್ಲವೂ ಒಂದೇ ಆಗಿ ಕೇಳುತ್ತವೆ. ಮಾತನಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ‘ಬೇಕಾದದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ’ ಎಂದು ಮನೆಯವರು ಆಡಿಕೊಳ್ಳುವುದಕ್ಕೆ ಇದೇ ಕಾರಣ. ಗಂಡಸಿನ ದಪ್ಪ ಧ್ವನಿ ತಿಳಿದು, ಸೊಸೆಯ ಮತ್ತು ಮಕ್ಕಳ ಸಣ್ಣ ಧ್ವನಿ ತಿಳಿಯದೆ ಹೋಗುತ್ತದೆ. ಅದರಲ್ಲಿ ದುರುದ್ದೇಶವೇನೂ ಇಲ್ಲ. ಗಿರಣಿಯ ಮಗ್ಗದ ಖಾತೆಯಲ್ಲಿ ವರ್ಷಗಟ್ಟಲೆ ದುಡಿದವರಿಗಂತೂ ಈ ಸವೆತ ಬೇಗನೆ ಬರುತ್ತದೆ. ಇಂಥವರೆದುರು ಕಿರಿಚಿ ಪ್ರಯೋಜನವಿಲ್ಲ. ಕಿರಿಚಿದರೆ ಸ್ವರಗಳೇ ದೊಡ್ಡದಾಗುತ್ತವೆ ಹೊರತು ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. ಮೇಲಾಗಿ ನೆರೆಮನೆಗೂ ಕೇಳಿ ಮಾನ ಹೋಗುತ್ತದೆ. ಎದುರಿಗೆ ಕುಳಿತು, ತುಟಿ ಕಾಣುವಂತೆ, ನಿಧಾನವಾಗಿ ಆಡಿದರೆ ಸಾಕು.

ಕಿವಿಯ ಯಂತ್ರ ಹಾಕಿಕೊಳ್ಳಿ ಎಂದರೆ ಒಪ್ಪದವರು ಕನ್ನಡಕವನ್ನು ಮಾತ್ರ ಏಕೆ ಒಪ್ಪಿದರು? ಎರಡೂ ಕುಂದಿದ ಇಂದ್ರಿಯಕ್ಕೆ ಊರೆಯೇ. ನನಗೆ ತೋರುವ ಕಾರಣವಿಷ್ಟೆ: ಕನ್ನಡಕವನ್ನು ಶಾಲೆಯ ಹುಡುಗನೂ ಹಾಕುತ್ತಾನೆ, ವಕೀಲರೂ ಹಾಕುತ್ತಾರೆ, ಅದರಿಂದ ಓದಿದವರೆಂಬ ಕಳೆ ಬರುತ್ತದೆ. ಕಿವಿಯ ಯಂತ್ರದಿಂದ ಅಂಥ ಯಾವ ಕಳೆಯೂ ಬರಲಿಲ್ಲ. ಆದರೆ ಈಗ ಲೋಕಲ್ ಗಾಡಿಯಲ್ಲಿ ಕಿವಿಗೆ ಏನಾದರೂ ಸಿಕ್ಕಿಸಿಕೊಳ್ಳದ ತರುಣರು ಯಾರಿದ್ದಾರೆ? ಹಾಡು ಕೇಳುವ ಆ ಬೊಂಡುಗಳ ನಡುವೆ ಒಬ್ಬ ಹಿರಿಯರ ಯಂತ್ರವನ್ನು ಗುರುತಿಸುವುದೇ ಕಷ್ಟ. ಈ ಮಾತನ್ನು ಹೇಳಿ ಇಬ್ಬರನ್ನು ನಾನು ಒಪ್ಪಿಸಿದ್ದೇನೆ. ಪರೀಕ್ಷೆಗೆ ನಮ್ಮ ಊರಿನಲ್ಲಿಯೇ, ಬಾಂದ್ರಾ ರಿಕ್ಲಮೇಶನ್ನಿನಲ್ಲಿ, 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಊರ ಕಡೆಗೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬಡತನದ ಕುಟುಂಬದ ಹಿರಿಯರಿಗೆ ಊರುಗೋಲು, ಕಿವಿಯ ಯಂತ್ರ, ಕನ್ನಡಕ, ಕಟ್ಟಿಸಿದ ಹಲ್ಲು ಮೊದಲಾದವನ್ನು ಉಚಿತವಾಗಿ ಕೊಡುವುದಕ್ಕೆಂದು ಕೇಂದ್ರ ಸರಕಾರ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಪ್ರಾರಂಭಿಸಿತು. ಕಿವಿಯನ್ನು ಅಲಕ್ಷಿಸಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಮುಪ್ಪಿನ ಮರೆವಿನ ರೋಗಕ್ಕೆ ದಾರಿ ಮಾಡುವ, ಆದರೆ ಮನುಷ್ಯ ಪ್ರಯತ್ನದಿಂದ ತಡೆಯಬಹುದಾದ 14 ಸಂಗತಿಗಳನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ ಎಣಿಸಿತು. ಕಿವುಡು ಅವುಗಳಲ್ಲಿ ಒಂದು.

ತಲೆಯ ಬಣ್ಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಕಣಗಳು ಕ್ರಮೇಣ ಮುಗಿದುಹೋಗುವುದರಿಂದ ನರೆ ಬರುತ್ತದೆ. ಕರಿಯ ಬಣ್ಣಗಳಲ್ಲಿ ಹೆಚ್ಚಾಗಿ ಪ್ಯಾರಾ ಫೆನಿಲೀನ್ ಡೈಅಮೀನ್ ಎಂಬ ರಾಸಾಯನಿಕ ಇರುತ್ತದೆ. ‘ಕಾಲಿ ಮೆಹೆಂದಿ’ ಎಂದು ಮಾರುವ ಪುಡಿಗಳಲ್ಲಿ ಕೂಡ ಅದನ್ನು ಬೆರೆಸುವುದುಂಟು. ಬರಿಯ ಗೋರಂಟಿ ಸೊಪ್ಪು ಕೆಂಚು ಬಣ್ಣ ಕೊಡುತ್ತದೆಯೇ ಹೊರತು ಕಪ್ಪು ಕೊಡುವುದಿಲ್ಲ. ಕೆಲವರ ಚರ್ಮಕ್ಕೆ ಆ ರಾಸಾಯನಿಕ ಒಗ್ಗದೆ ಮುಖ ಊದಿಕೊಳ್ಳುತ್ತದೆ. ಹತ್ತು ವರ್ಷ ಒಗ್ಗಿದ್ದು ಹನ್ನೊಂದನೆಯ ವರ್ಷ ಒಗ್ಗದೆ ಹೋಗಬಹುದು. ಆದುದರಿಂದ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ಕಾದು ನೋಡುವುದು ಕ್ಷೇಮ. ಇಷ್ಟು ಎಚ್ಚರಿಕೆ ವಹಿಸಿದ ಮೇಲೆ ಹಚ್ಚಿಕೊಳ್ಳಬೇಕೊ ಬಿಡಬೇಕೊ ಎಂಬುದು ಅವರವರ ತಲೆ. ಕೆಲಸ ಹುಡುಕುವ 62 ವರ್ಷದ ಕಾವಲುಗಾರನಿಗೆ ಕರಿಗೂದಲು ಶೋಕಿಯಲ್ಲ, ಅನ್ನ.

ಹೆಂಗಸರ ಪಾಡು ಬೇರೆ. ಗಂಡಸು ಮುದುಕನಂತೆ ಕಾಣಲು ಅಂಜಿದರೆ, ಹೆಂಗಸನ್ನು ಮುದುಕಿಯಂತೆ ಕಾಣು ಎಂದು ಮನೆಯವರೇ ಒತ್ತಾಯಿಸುತ್ತಾರೆ. ಬಣ್ಣದ ಸೀರೆ ಉಟ್ಟರೆ, ಮುಡಿಗೆ ಅಬ್ಬಲಿಗೆ ಮುಡಿದರೆ, ‘ಈ ವಯಸ್ಸಿಗೆ ಇದೆಲ್ಲ ಬೇಕಿತ್ತೆ?’ ಎಂಬ ಒಂದು ಮಾತು ಎಲ್ಲಿಂದಲಾದರೂ ಬರುತ್ತದೆ. ಪಶ್ಚಿಮ ಬಂಗಾಳದ ಹಳ್ಳಿಯೊಂದರಲ್ಲಿದ್ದು ಮುಪ್ಪಿನ ವಿಷಯ ಅಭ್ಯಾಸ ಮಾಡಿದ ಸಾರಾ ಲ್ಯಾಂಬ್ ಎಂಬ ಅಮೇರಿಕದ ವಿದುಷಿ, ಅಲ್ಲಿಯ ಹೆಂಗಸರು ವಯಸ್ಸಾದಂತೆ ಬಣ್ಣ ಬಿಟ್ಟು ಬಿಳಿಯ ಕಡೆಗೆ ಸರಿಯುವುದನ್ನು 2000ದಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾಳೆ. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟು ಇಲ್ಲದಿದ್ದರೂ ಮಾತಿನ ಚುಚ್ಚು ಇದೆ. ಊರಿನಿಂದ ಮಗನ ಮನೆಗೆಂದು ಡೊಂಬಿವಿಲಿಗೋ ಮೀರಾರೋಡಿಗೋ ಬಂದ ತಾಯಂದಿರಿಗೆ ಇನ್ನೊಂದು ಇಕ್ಕಟ್ಟು. ಇಳಕಲ್ ಸೀರೆಯುಟ್ಟು ತಲೆಯ ಮೇಲೆ ಸೆರಗು ಹೊದ್ದರೆ ಕಟ್ಟಡದವರ ಕಣ್ಣಿಗೆ ಹಳ್ಳಿಯವರು. ಮ್ಯಾಕ್ಸಿ ತೊಟ್ಟರೆ ಊರಿನವರ ಕಣ್ಣಿಗೆ ಬಿಟ್ಟವರು. ಇಬ್ಬರೂ ನೋಡದ ಹೊತ್ತಿನಲ್ಲಿ ತರಕಾರಿಗೆ ಇಳಿಯುವುದನ್ನು ಅಭ್ಯಾಸ ಮಾಡಿಕೊಂಡ ಒಬ್ಬ ತಾಯಿಯನ್ನು ನಾನು ಬಲ್ಲೆ. ‘ಈ ವಯಸ್ಸಿಗೆ’ ಎಂಬ ಮಾತು ಬರಿಯ ಮಾತಾಗಿ ಉಳಿಯುವುದಿಲ್ಲ. ಕೇಳಿ ಕೇಳಿ ಅವರೂ ಅದನ್ನು ನಂಬುತ್ತಾರೆ. ಅಮೇರಿಕದ ಓಹಾಯೋ ರಾಜ್ಯದ ಚಿಕ್ಕ ಪಟ್ಟಣವೊಂದರಲ್ಲಿ 50 ದಾಟಿದ 660 ಜನರನ್ನು ಅನೇಕ ವರ್ಷಗಳವರೆಗೆ ಗಮನಿಸಿದ ಬೆಕಾ ಲೆವಿ ಮತ್ತು ಸಂಗಡಿಗರು, ತಮ್ಮ ಮುಪ್ಪಿನ ವಿಷಯದಲ್ಲಿ ಒಳ್ಳೆಯ ಭಾವನೆಯುಳ್ಳವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದರೆಂದು 2002ರಲ್ಲಿ ಪ್ರಕಟಿಸಿದರು. ಪರದೇಶದ ಲೆಕ್ಕ ನಮಗೆ ಹಾಗೆಯೇ ಹೊಂದುವುದೆಂದು ನಾನು ಹೇಳಲಾರೆ. ಆದರೂ ಸೀರೆಯ ಬಣ್ಣದ ಬಗ್ಗೆ ಬಾಯಿ ಮುಚ್ಚಿಕೊಂಡಿರಲು ಅಷ್ಟೇ ಸಾಕು.

ಉಡುಪನ್ನು ಕುರಿತು ಬರೆಯುವಾಗ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪು ಬರದಿರದು. ಅವರು 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದವರು. ಆ ಸಲುಗೆಯಿಂದಲೂ ನಮ್ಮವರು. ಮಾಟುಂಗಾದ ಕರ್ನಾಟಕ ಸಂಘದ ಮಂದಿರಕ್ಕೆ ಅವರದೇ ಹೆಸರಿದೆ. 1955ರಲ್ಲಿ ಭಾರತರತ್ನ ಬಂದಾಗ ಅವರಿಗೆ 90 ದಾಟಿತ್ತು. ಆ ವಯಸ್ಸಿನ ಭಾವಚಿತ್ರಗಳಲ್ಲಿಯೂ ಕೋಟು, ಟೈ, ತಲೆಗೆ ಮೈಸೂರು ಪೇಟ, ಒಂದು ಸುಕ್ಕಿಲ್ಲ. ಮುಖದ ಸುಕ್ಕನ್ನು ಅವರು ಮರೆಸಲು ಹೋಗಿಲ್ಲ; ಬಟ್ಟೆಯದನ್ನು ಮಾತ್ರ ಉಳಿಯಗೊಟ್ಟಿಲ್ಲ. 1951ರಲ್ಲಿ ಆತ್ಮಕಥನ ಬರೆದಾಗಲೂ ‘ನನ್ನ ಕಾರ್ಯಜೀವನದ ನೆನಪುಗಳು’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಶಿವರಾಮ ಕಾರಂತರದು ಇನ್ನೊಂದು ಬಗೆ. ತಲೆಯ ಬಿಳಿಗೂದಲನ್ನು ಹೇಗಿತ್ತೋ ಹಾಗೆ ಬಿಟ್ಟುಕೊಂಡೇ, 1989ರಲ್ಲಿ, 87ನೆಯ ವಯಸ್ಸಿನಲ್ಲಿ, ಲೋಕಸಭೆಯ ಚುನಾವಣೆಗೆ ನಿಂತರು. ಕೈಯಲ್ಲಿ ಕೆಲಸವಿರುವವನನ್ನು ನೋಡುವಾಗ ಜನರು ಅವನ ವಯಸ್ಸನ್ನು ಆಮೇಲೆ ನೋಡುತ್ತಾರೆ. 1982ರ ಜನವರಿಯಲ್ಲಿ ಪ್ರಾರಂಭವಾದ ಗಿರಣಿ ಮುಷ್ಕರದಲ್ಲಿ ಕೆಲಸ ಹೋದವರಲ್ಲಿ ಕೆಲವರು, ನಾನು ಕೇಳಿಬಲ್ಲಂತೆ, ಎಷ್ಟೋ ಕಾಲ ಬೆಳಿಗ್ಗೆ ಪಾಳಿಯ ಹೊತ್ತಿಗೆ ಡಬ್ಬಿ ಹಿಡಿದು ಚಾಳಿನಿಂದ ಇಳಿದುಹೋಗಿ ಸಂಜೆ ಬರುತ್ತಿದ್ದರಂತೆ. ಈಗಲೂ ಹತ್ತು ಗಂಟೆಗೆ ಸರಿಯಾಗಿ ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಪೆನ್ನು, ಬಗಲಲ್ಲಿ ಚೀಲದೊಂದಿಗೆ ವಾಚನಾಲಯಕ್ಕೆ ಬರುವ ನಿವೃತ್ತರನ್ನು ನೋಡಿದಾಗ ನನಗೆ ಆ ಡಬ್ಬಿ ನೆನಪಾಗುತ್ತದೆ.

ನಿವೃತ್ತರೆಂದೊಡನೆ ನವಂಬರ್ ತಿಂಗಳ ಮಾತು ಹೇಳಬೇಕು. ಸರಕಾರಿ ನಿವೃತ್ತಿವೇತನದವರು ತಾವು ಬದುಕಿರುವುದಾಗಿ ಆ ತಿಂಗಳು ಪ್ರಮಾಣಪತ್ರ ಕೊಡಬೇಕು. 2014ರಿಂದ ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆಯಲ್ಲಿ ಬೆರಳಚ್ಚು ಒತ್ತಿ ಇದನ್ನು ಮಾಡಬಹುದಾಯಿತು. ಆದರೆ ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುತ್ತವೆ. ಹೋಟೆಲಿನಲ್ಲಿ ಪಾತ್ರೆ ತಿಕ್ಕಿದ ಕೈ, ಗಿರಣಿಯಲ್ಲಿ ನೂಲು ಎಳೆದ ಕೈಗಳ ಗೆರೆ ಇನ್ನೂ ಬೇಗ. ಯಂತ್ರ ಅವರನ್ನು ಗುರುತಿಸುವುದಿಲ್ಲ. 2021ರ ನವಂಬರಿನಿಂದ ಮೊಬೈಲಿನ ಕೆಮರಾಕ್ಕೆ ಮುಖ ತೋರಿಸಿದರೂ ಆದೀತೆಂದು ಮಾಡಿದ್ದಾರೆ. ನಾವು ಸ್ವಯಂಸೇವಕರು ಬಿಡುವಾದಾಗ ಇದರಲ್ಲಿ ನೆರವಾಗುತ್ತೇವೆ. ಕೆಮರಾಕ್ಕೆ ಬೇಕಾದ್ದು ಮುಖ, ಮತ್ತು ಕಣ್ಣನ್ನು ಒಮ್ಮೆ ಮಿಟುಕಿಸುವುದು, ಇಷ್ಟೇ. ಆದರೂ ಆ ದಿನ ಎಲ್ಲರೂ ಕ್ಷೌರ ಮಾಡಿಸಿಕೊಂಡು, ಮಡಿ ಮಾಡಿದ ಬಟ್ಟೆ ಹಾಕಿಕೊಂಡು ಬರುತ್ತಾರೆ. ಪೋಸ್ಟಿನಲ್ಲಿದ್ದ ಒಬ್ಬ ಹಿರಿಯರು ಹೋದ ಸಲ ಕೋಟು ಹಾಕಿಕೊಂಡೇ ಬಂದಿದ್ದರು. ‘ರಾಯರೇ, ಯಂತ್ರಕ್ಕೆ ಕೋಟು ಕಾಣಿಸುವುದಿಲ್ಲ’ ಎಂದೆ. ‘ಸರಕಾರದ ಎದುರು ನಿಲ್ಲುವುದಲ್ಲವೇನಪ್ಪ?’ ಎಂದರು. ಬದುಕಿದ್ದೇನೆ ಎಂದು ಹೇಳುವುದಕ್ಕೂ ಒಂದು ರೀತಿ ಇದೆಯೆಂದು ಅವರ ಎಣಿಕೆ. ಅದನ್ನು ಅಲ್ಲಗಳೆಯಲು ನನಗೆ ಬಾಯಿ ಬರಲಿಲ್ಲ.

ವಾಚನಾಲಯದಲ್ಲಿ ನಾವು ಮಾಡಿಕೊಂಡ ಕೆಲವು ಬದಲಾವಣೆಗಳನ್ನು ಇಲ್ಲಿ ತಿಳಿಸಿದರೆ ಇತರ ಸಂಘಗಳವರಿಗೆ ಉಪಯೋಗವಾದೀತು. ‘ವೃದ್ಧರಿಗಾಗಿ’ ಎಂದು ಬರೆದಿದ್ದ ಕುರ್ಚಿಯ ಫಲಕವನ್ನು ತೆಗೆದುಹಾಕಿ, ಕೈಯೂರಲು ತೋಳಿರುವ ಕುರ್ಚಿಗಳನ್ನೇ ಬೆಳಕಿನ ಕಿಟಕಿಯ ಬಳಿ ಇರಿಸಿದೆವು. ಈಗ ಅವು ಖಾಲಿ ಇರುವುದಿಲ್ಲ. ಭೂತಕನ್ನಡಿಯನ್ನು ಕೇಳಿ ಪಡೆಯಬೇಕಾಗಿದ್ದಾಗ ಯಾರೂ ಕೇಳುತ್ತಿರಲಿಲ್ಲ. ಎರಡನ್ನು ಪತ್ರಿಕೆಗಳ ಮೇಜಿನ ಮೇಲೇ ದಾರ ಕಟ್ಟಿ ಇಟ್ಟಿದ್ದೇವೆ, ಚಿಕ್ಕವರೂ ತೆಗೆದುಕೊಳ್ಳುತ್ತಾರೆ. ಪುಸ್ತಕ ಯಾರ ಬಳಿಯಿದೆ, ಎಂದು ಬರುತ್ತದೆ ಎಂಬುದನ್ನು ಬಾಯಲ್ಲಿ ಹೇಳುವುದರ ಜತೆಗೆ ಚೀಟಿಯಲ್ಲಿ ಬರೆದು ಕೊಡುತ್ತೇವೆ. ಎಲ್ಲರಿಗೂ ಕೊಡುವುದರಿಂದ ಯಾರಿಗೂ ಸಂಕೋಚವಿಲ್ಲ. ಬಾಗಿಲ ಬಳಿಯ ಕೊಡೆಯ ಗೂಡಿನಲ್ಲಿ ಈಗ ರಬ್ಬರಿನ ಟೊಪ್ಪಿಗೆಗಳ ಡಬ್ಬಿಯನ್ನಿಟ್ಟಿದ್ದೇವೆ. ಒಂದಕ್ಕೆ ಕೆಲವೇ ರೂಪಾಯಿ, ಅಳತೆ ಸರಿಹೋದರೆ ಕೊಡೆಯ ತುದಿಗೂ ಕೂರುತ್ತವೆ. ಕೊಡೆ ಹಾಗೆಯೇ ಊರುಗೋಲಾಗುವುದಿಲ್ಲ ನಿಜ, ಆದರೆ ಜಾರುವುದು ಕಡಿಮೆ. ಇಟ್ಟ ಮೊದಲ ವಾರ ಒಂದೂ ಹೋಗಲಿಲ್ಲ. ಡಬ್ಬಿಯನ್ನು ಮೇಜಿನ ಎದುರಿನಿಂದ ಗೂಡಿನ ಹಿಂಬದಿಗೆ, ನಮ್ಮ ಕಣ್ಣಿಗೆ ಬೀಳದ ಕಡೆಗೆ ಸರಿಸಿದ ಮೇಲೆ ಹನ್ನೊಂದು ಹೋಗಿವೆ.